ಕ್ವಾರ್ಟರ್ ನಾಣ್ಯದ ಮೇಲಿನ ನಟಿ

ಲಾಂಡ್ರಿ ರೂಮಿಗೆ ಹೋಗೋಕೆ ಚಿಲ್ಲರೆ ಎಣಿಸುತ್ತಿದ್ದೆ. ಮಗಳು ಒಂದು ಕ್ವಾರ್ಟರ್, ಅಂದರೆ ಅಮೆರಿಕದ 25 ಸೆಂಟಿನ ನಾಣ್ಯ, ಎತ್ತಿಕೊಂಡು, "ಅಮ್ಮಾ, ಇದನ್ನ ಮಷಿನ್‌ಗೆ ಹಾಕಬೇಡ, ಇವರ ಬಗ್ಗೆ ಸ್ಕೂಲಲ್ಲಿ ಹೇಳಿದ್ರು" ಎಂದಳು. ಒಂದು ಕಡೆ ಜಾರ್ಜ್ ವಾಷಿಂಗ್ಟನ್. ಇನ್ನೊಂದು ಕಡೆ ಕೈ ಮೇಲೆ ಗಲ್ಲ ಊರಿದ ಹೆಂಗಸು, ಸುತ್ತ ಥಿಯೇಟರ್ ಬೋರ್ಡಿನ ಬಲ್ಬುಗಳು. ಚೀನೀ ಮೂಲದ ಹಾಲಿವುಡ್ ನಟಿ ಆನ್ನಾ ಮೇ ವಾಂಗ್. 2022ರಲ್ಲಿ ಬಂದ ನಾಣ್ಯ. ಏಷ್ಯಾ ಮೂಲದ ಅಮೆರಿಕನ್ನರೊಬ್ಬರು ಇಲ್ಲಿನ ದುಡ್ಡಿನ ಮೇಲೆ ಬಂದಿದ್ದು ಅದೇ ಮೊದಲು.

"ಇವರು ಹುಟ್ಟಿದ್ದೇ ಲಾಸ್ ಏಂಜಲಿಸ್‌ನಲ್ಲಿ. ಆದ್ರೂ ಎಲ್ಲರೂ ಚೀನಾದವರು ಅಂತಿದ್ರಂತೆ. ನನಗೂ ಹಂಗೇ ಅಂತಾರಾ?"

ಅವಳೂ ಇಲ್ಲೇ ಹುಟ್ಟಿದವಳು. ನನಗೆ ಉತ್ತರ ಹೊಳೆಯಲಿಲ್ಲ. ಅವತ್ತು ರಾತ್ರಿ ಕೂತು ಆ ನಟಿಯ ಬಗ್ಗೆ ಓದಿದೆ.

ಹುಟ್ಟಿದ್ದು 1905ರಲ್ಲಿ. ಅಪ್ಪನದು ಬಟ್ಟೆ ಒಗೆದುಕೊಡೋ ಅಂಗಡಿ. ಮೂಕಿ ಚಿತ್ರಗಳ ಕಾಲ. 17ನೇ ವಯಸ್ಸಿಗೇ 'ದಿ ಟೋಲ್ ಆಫ್ ದಿ ಸೀ' ಚಿತ್ರದ ನಾಯಕಿ. ಕಥೆಯಲ್ಲಿ ಬಿಳಿಯ ಗಂಡ ಕೈಬಿಡುತ್ತಾನೆ, ಅವಳು ಮಗುವನ್ನೂ ಒಪ್ಪಿಸಿ ಸಮುದ್ರದ ಪಾಲಾಗುತ್ತಾಳೆ. ಆಮೇಲೆ ಬಂದಿದ್ದೆಲ್ಲ ಜಾಸ್ತಿ ದಾಸಿ, ಮೋಸಗಾತಿ ಪಾತ್ರಗಳೇ. ಬಿಳಿಯರ ಜೊತೆ ಏಷ್ಯಾದವರ ಮದುವೆಗೆ ಕ್ಯಾಲಿಫೋರ್ನಿಯಾದ ಕಾನೂನೇ ಒಪ್ಪುತ್ತಿರಲಿಲ್ಲ, ಇನ್ನು ತೆರೆಯ ಮೇಲೆ ಒಪ್ಪುತ್ತಾರಾ? ಬೇಸತ್ತು 1928ರಲ್ಲಿ ಯುರೋಪಿಗೆ ಹೋದರು. ಲಂಡನ್ನಿನಲ್ಲಿ ತೆಗೆದ 'ಪಿಕಡಿಲ್ಲಿ' ನೋಡಿ. ಹೋಟೆಲಿನ ಪಾತ್ರೆ ತೊಳೆಯೋ ಜಾಗದಲ್ಲಿ, ಹರಿದ ಕಾಲುಚೀಲ ಹಾಕಿಕೊಂಡು ಮೇಜು ಹತ್ತಿ ಕುಣಿಯುತ್ತಾರೆ. ಬೇರೆ ಯಾರ ಮೇಲೂ ಕಣ್ಣು ಹೋಗಲ್ಲ. ಅಂಥ ನಟಿ!

ಟಾಕಿ ಬಂದ ಮೇಲೂ ಹಣೆಬರಹ ಬದಲಾಗಲಿಲ್ಲ. 1937ರ 'ದಿ ಗುಡ್ ಅರ್ಥ್' ಚೀನಾದ ರೈತರ ಕಥೆ. ಆ ರೈತನ ಹೆಂಡತಿಯ ಪಾತ್ರ ಹೋಗಿದ್ದು ಲೂಯಿಸ್ ರೈನರ್ ಎಂಬ ಬಿಳಿಯ ನಟಿಗೆ, ಅವರಿಗೆ ಆಸ್ಕರ್ ಕೂಡ ಬಂತು. 1936ರಲ್ಲಿ ವಾಂಗ್ ಚೀನಾಕ್ಕೆ ಹೋದರೆ, ಅಲ್ಲಿ ಕೆಲವರು 'ನಮ್ಮ ಮಾನ ಕಳೆದವಳು' ಅಂತ ಸಿಟ್ಟಾದರು. ಆ ಪಾತ್ರಗಳನ್ನು ಬರೆದವರು ಇವರಾ?

ಓದುತ್ತಾ ಓದುತ್ತಾ ನನಗೆ ಬೆಂಗಳೂರಿನ ನಮ್ಮ ಬೀದಿಯ ಪಾರ್ಲರ್ ನೆನಪಾಯಿತು. ಅಲ್ಲೊಬ್ಬಳು ಮಣಿಪುರದ ಹುಡುಗಿ ಇದ್ದಳು. "ಅಕ್ಕಾ, ನೋವಾಯ್ತಾ?" ಅಂತ ಕೇಳಿಕೊಂಡೇ ಹುಬ್ಬು ತೀಡುತ್ತಿದ್ದಳು. ಕನ್ನಡ ಅಷ್ಟು ಚೆನ್ನಾಗಿ ಕಲಿತಿದ್ದಳು. ಬಂದವರೆಲ್ಲ ಅವಳನ್ನು ಕೇಳುತ್ತಿದ್ದದ್ದು ಒಂದೇ: "ನೇಪಾಳಾನಾ, ಚೈನಾನಾ?" 2012ರ ಆಗಸ್ಟಿನಲ್ಲಿ ಈಶಾನ್ಯದವರ ಮೇಲೆ ಹಲ್ಲೆ ಆಗುತ್ತೆ ಅಂತ ವದಂತಿ ಹಬ್ಬಿ, ಈಶಾನ್ಯದ ಸಾವಿರಾರು ಜನ ಹೆದರಿ ಗುವಾಹಟಿ ರೈಲು ಹತ್ತಿದರಲ್ಲ, ಅವಳೂ ಹೋದಳು. ನಮ್ಮ ದೇಶದ ಹುಡುಗಿ ನಮ್ಮೂರಿನಿಂದಲೇ ಹಾಗೆ ಓಡಬೇಕಾಯಿತು. ನನಗೆ ಈಗಲೂ ಸಂಕಟವಾಗುತ್ತದೆ.

ಮಾರನೇ ದಿನ ಮಗಳಿಗೆ ಅದನ್ನೂ ಹೇಳಿದೆ. "ಅಂತಾರೆ ಪುಟ್ಟಿ, ಇಲ್ಲೂ ಅಂತಾರೆ, ನಮ್ಮಲ್ಲೂ ಅಂತಾರೆ."

"ನೀನು ಅವರಿಗೆ ಏನೂ ಹೇಳ್ಲಿಲ್ವಾ?"

ಈ ರಜಕ್ಕೆ ಊರಿಗೆ ಬರುತ್ತಿದ್ದೇವೆ. ಅವಳ ಮುಂದೆ ಯಾರಾದರೂ ಅಂಥ ಮಾತಾಡಿದರೆ ಅವಳು ಖಂಡಿತ ಸುಮ್ಮನಿರಲ್ಲ. ಅತ್ತೆಯೇ ಇರಲಿ, ಮಾವನೇ ಇರಲಿ, ನಾನು ತಡೆಯಲ್ಲ.