ಡಿಸ್ನಿ ವರ್ಲ್ಡ್ ಮ್ಯಾರಥಾನ್‌ಗೆ ಕುಟುಂಬ ಸಮೇತ ಹೋಗುವವರು ಮೊದಲು ಬಸ್ಸಿನ ವೇಳೆ ಕೇಳಿ

ಹೋಟೆಲ್ ಕಾದಿರಿಸುವಾಗ "ಡಿಸ್ನಿ ಪಾರ್ಕುಗಳಿಗೆ ಶಟಲ್ ಬಸ್ಸಿನ ಸೌಲಭ್ಯವಿದೆ" ಎಂಬ ಒಂದು ಸಾಲನ್ನು ಓದಿ ನಿಶ್ಚಿಂತಳಾಗಿದ್ದ ನಾನು, ಓಟದ ಹಿಂದಿನ ಸಂಜೆ ಕೌಂಟರಿಗೆ ಹೋಗಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಾಗ, ಅಲ್ಲಿದ್ದ ಹುಡುಗ ಬಹಳ ಸೌಜನ್ಯದಿಂದ, ಮೊದಲ ಬಸ್ಸು ಬೆಳಿಗ್ಗೆ 8 ಗಂಟೆಗೆ ಎಂದ. ಮ್ಯಾರಥಾನ್ ಆರಂಭವಾಗುವುದು ಬೆಳಗಿನ ಜಾವ 5ಕ್ಕೆ. ಓಟಗಾರರು ಅಲ್ಲಿರಬೇಕಾದದ್ದು ಅದಕ್ಕೂ ಬಹಳ ಮೊದಲು, ಏಕೆಂದರೆ ಸುತ್ತಲಿನ ರಸ್ತೆಗಳನ್ನು ಓಟಕ್ಕಾಗಿ ಮುಚ್ಚುತ್ತಾರೆ. ಪ್ರತಿ ರಾತ್ರಿಗೆ 32 ಡಾಲರಿನಂತೆ ವಸೂಲು ಮಾಡುತ್ತಿದ್ದ "ರಿಸಾರ್ಟ್ ಶುಲ್ಕ"ದಲ್ಲಿ ಈ ಬಸ್ಸೂ ಸೇರಿದೆ ಎಂಬುದು ನನಗೆ ತಿಳಿದದ್ದು ಕೂಡ ಆಗಲೇ. ಇದನ್ನು ಬರೆಯಲು ಕುಳಿತದ್ದಕ್ಕೆ ಮುಖ್ಯ ಕಾರಣ ಆ ಸಂಜೆ. ಪಾರ್ಕುಗಳ ವರ್ಣನೆ ಎಲ್ಲ ಕಡೆಯೂ ಸಿಗುತ್ತದೆ, ಆದ್ದರಿಂದ ಅದನ್ನು ನಾನು ಇಲ್ಲಿ ಮಾಡುವುದಿಲ್ಲ.

ಫ್ಲಾರಿಡಾದ ಒರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 1994ರಿಂದ ನಡೆಯುತ್ತಿರುವ ಈ ಮ್ಯಾರಥಾನ್ ಈಗ ಜನವರಿಯ ನಾಲ್ಕು ದಿನಗಳ ಜಾತ್ರೆಯಾಗಿದೆ. ಗುರುವಾರ 5 ಕಿ.ಮೀ., ಶುಕ್ರವಾರ 10 ಕಿ.ಮೀ., ಶನಿವಾರ ಅರ್ಧ ಮ್ಯಾರಥಾನ್, ಭಾನುವಾರ ಪೂರ್ಣ 42.2 ಕಿ.ಮೀ. ಕೊನೆಯ ಎರಡನ್ನೂ ಓಡುವವರಿಗೆ ಗೂಫಿ ಚಾಲೆಂಜ್, ನಾಲ್ಕನ್ನೂ ಓಡುವ ಗಟ್ಟಿಗರಿಗೆ ಡೋಪಿ ಚಾಲೆಂಜ್ ಎಂಬ ಹೆಸರುಗಳಿವೆ. ಡೋಪಿಯ ಒಟ್ಟು ದೂರ 48.6 ಮೈಲಿ, ಅಂದರೆ ಸುಮಾರು 78 ಕಿ.ಮೀ. ನಾನು ಓಡಿದ್ದು ಭಾನುವಾರದ್ದೊಂದೇ. ಆದರೂ ನಾಲ್ಕು ದಿನವೂ ನಸುಕಿನಲ್ಲಿ ಓಟವಿರುತ್ತದೆ, ನಾಲ್ಕು ದಿನವೂ ಬೆಳಗಿನ ಹೊತ್ತು ಕೆಲವು ರಸ್ತೆಗಳು ಬಂದ್ ಆಗುತ್ತವೆ ಎಂಬುದನ್ನು ಓಡದವರೂ ನೆನಪಿಟ್ಟುಕೊಳ್ಳಬೇಕು.

ನಾನು ಹೊರಗಿನ ಹೋಟೆಲ್ಲನ್ನು ಆರಿಸಿಕೊಂಡದ್ದು ಉಳಿತಾಯಕ್ಕಾಗಿ. ಡಿಸ್ನಿಯ ಸ್ವಂತ ಹೋಟೆಲ್ಲುಗಳಲ್ಲಿ ಅಗ್ಗದ ದರ್ಜೆಯದೆನ್ನಿಸಿಕೊಂಡ ಆಲ್ ಸ್ಟಾರ್ ಅಥವಾ ಪಾಪ್ ಸೆಂಚುರಿಗೆ ಹೋಲಿಸಿದರೆ ಐದು ರಾತ್ರಿಗೆ ಸುಮಾರು 300 ಡಾಲರ್ ಉಳಿಯುತ್ತದೆಂದು ಲೆಕ್ಕ ಹಾಕಿದ್ದೆ. ಆ ಲೆಕ್ಕದಲ್ಲಿ ರಿಸಾರ್ಟ್ ಶುಲ್ಕದ 160 ಡಾಲರ್ ಇರಲಿಲ್ಲ, ಬಿಬ್ (ಓಟಗಾರರು ಎದೆಗೆ ಸಿಕ್ಕಿಸಿಕೊಳ್ಳುವ ಸಂಖ್ಯೆಯ ಚೀಟಿ) ತರಲು, ಅದನ್ನು ಹಂಚುವ ಎಕ್ಸ್‌ಪೋ ಎಂಬ ಮೇಳಕ್ಕೆ ಹೋಗಿಬಂದ ಟ್ಯಾಕ್ಸಿಯ 71 ಡಾಲರ್ ಇರಲಿಲ್ಲ, ಓಟದ ದಿನ ರಾತ್ರಿ ಎರಡೂವರೆಗೆ ಹಿಡಿದ ಟ್ಯಾಕ್ಸಿಯ 58 ಡಾಲರ್ ಮೊದಲೇ ಇರಲಿಲ್ಲ. ಎಲ್ಲವನ್ನೂ ಕಳೆದರೆ ಉಳಿದದ್ದು 11 ಡಾಲರ್. ಈ ಹನ್ನೊಂದು ಡಾಲರಿಗಾಗಿ ನಾನು ಓಟದ ಹಿಂದಿನ ರಾತ್ರಿ, ಟ್ಯಾಕ್ಸಿ ಬರುತ್ತದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಎರಡು ಗಂಟೆ ಕೂಡ ಸರಿಯಾಗಿ ನಿದ್ದೆ ಮಾಡಲಿಲ್ಲ. ಡಿಸ್ನಿಯ ಹೋಟೆಲ್ಲುಗಳಲ್ಲಿ ಇಳಿದವರಿಗೆ ನಡುರಾತ್ರಿ ಕಳೆದ ಮೇಲೆ ಓಟಗಾರರಿಗೆಂದೇ ಬಸ್ಸುಗಳಿರುತ್ತವೆ. ಆದ್ದರಿಂದ ಒಂದೋ ಅಲ್ಲಿ ಉಳಿಯಿರಿ, ಇಲ್ಲವೇ ಬಾಡಿಗೆ ಕಾರು ತೆಗೆದುಕೊಂಡು ಎಲ್ಲಿ ಬೇಕಾದರೂ ಉಳಿಯಿರಿ. ಕಾರೂ ಇಲ್ಲದೆ, ಒಳಗೂ ಇರದೆ, ಶಟಲ್ ಬಸ್ಸನ್ನು ನಂಬುವ ನನ್ನ ಮಾರ್ಗವೊಂದು ಬೇಡ.

ನೋಂದಣಿಯ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ತಿಂಗಳುಗಟ್ಟಲೆ ಮುಂಚೆಯೇ ತೆರೆಯುತ್ತದೆ, ಬೇಗ ತುಂಬುತ್ತದೆ, ಕಟ್ಟಿದ ಹಣ ವಾಪಸು ಬರುವುದಿಲ್ಲ, ನಿಮ್ಮ ಜಾಗವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲೂ ಆಗುವುದಿಲ್ಲ. ಬಿಬ್ ಅನ್ನು ಗುರುತಿನ ಚೀಟಿ ತೋರಿಸಿ ನೀವೇ ಎಕ್ಸ್‌ಪೋದಿಂದ ಪಡೆಯಬೇಕು, ಗಂಡನನ್ನೋ ಸ್ನೇಹಿತೆಯನ್ನೋ ಕಳುಹಿಸಿದರೆ ಕೊಡುವುದಿಲ್ಲ. ಭಾನುವಾರ ಓಡುವವರು ಶನಿವಾರ ಸಂಜೆ ವಿಮಾನ ಇಳಿಯುವ ಯೋಜನೆ ಹಾಕಿಕೊಂಡರೆ ಕೆಡುವುದು ಇಲ್ಲಿಯೇ. ಹಿಂದೆ ಓಡಿದ ಓಟದ ಸಮಯದ ದಾಖಲೆ ಇದ್ದರೆ ಅದನ್ನು ಗಡುವಿನೊಳಗೆ ಸಲ್ಲಿಸಿ, ಅದರ ಪ್ರಯೋಜನವನ್ನು ಮುಂದೆ ಹೇಳುತ್ತೇನೆ.

ನನ್ನ ಎರಡನೆಯ ತಪ್ಪು ಶನಿವಾರದ್ದು. ಹನ್ನೊಂದು ವರ್ಷದ ಮಗ, ಊರಿನಿಂದ ಬಂದಿದ್ದ ಅತ್ತೆಯವರು, ಪತಿ, ಮೂವರೂ ಕೋಣೆಯಲ್ಲಿ ಕುಳಿತಿರುವುದು ನ್ಯಾಯವಲ್ಲವೆಂದು ಡಿಸ್ನಿಯ ನಾಲ್ಕು ಪಾರ್ಕುಗಳಲ್ಲೊಂದಾದ ಎಪ್ಕಾಟ್‌ಗೆ ಹೋದೆವು. "ಸುಮ್ಮನೆ ಎರಡು ಗಂಟೆ" ಎಂದು ಹೊರಟದ್ದು. ಅಲ್ಲಿ ಸರೋವರದ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ, ಒಂದು ಸುತ್ತು ಬರುವುದೇ ಸುಮಾರು ಎರಡು ಕಿ.ಮೀ. ಜಪಾನಿನ ಅಂಗಡಿಯಲ್ಲಿ ಮಗ ನಿಂತ, ಮೊರಾಕೊದ ಕುಸುರಿ ಕೆಲಸದ ಗೋಡೆಯ ಮುಂದೆ ಅತ್ತೆಯವರು ನಿಂತರು, ಅವರು ನಿಂತಲ್ಲೆಲ್ಲ ನಾನೂ ಕಾಂಕ್ರೀಟಿನ ಮೇಲೆ ನಿಂತೆ. ಸಂಜೆ ಫೋನು 17 ಸಾವಿರ ಹೆಜ್ಜೆ ತೋರಿಸಿತು. ಮರುದಿನ ಕಡೆಯ ಹತ್ತು ಕಿಲೋಮೀಟರಿನಲ್ಲಿ ನನ್ನ ಮೀನಖಂಡಗಳು ಆ ಲೆಕ್ಕವನ್ನು ಚೊಕ್ಕವಾಗಿ ಚುಕ್ತಾ ಮಾಡಿಸಿಕೊಂಡವು. ಮನೆಯವರು ಹೋಗಲಿ, ಓಡುವವರು ಮಲಗಿರಲಿ. ಇದರಲ್ಲಿ ದಾಕ್ಷಿಣ್ಯ ಮಾಡಬೇಡಿ.

ಅಂದು ನಮ್ಮನ್ನು ಉಳಿಸಿದ್ದು ಊಟ. ಪಾರ್ಕಿನೊಳಗಿನ ಊಟದ ಬೆಲೆ ಎಲ್ಲರಿಗೂ ಗೊತ್ತಿರುವಂಥದೇ. ನಾವು ಸಸ್ಯಾಹಾರಿಗಳಾದ್ದರಿಂದ ಅಷ್ಟು ಕೊಟ್ಟೂ ಸಿಗುವುದು ಒಂದಿಷ್ಟು ಎಲೆ, ಒಂದಿಷ್ಟು ಆಲೂಗಡ್ಡೆ. ಹೋಟೆಲ್ಲಿನಿಂದ ಹದಿನೈದು ನಿಮಿಷ ನಡೆದರೆ ಪಬ್ಲಿಕ್ಸ್ ಎಂಬ ದಿನಸಿ ಅಂಗಡಿಯಿತ್ತು. 1930ರಲ್ಲಿ ಇಲ್ಲೇ ಹತ್ತಿರದ ವಿಂಟರ್ ಹೇವನ್ ಎಂಬ ಊರಿನಲ್ಲಿ ಹುಟ್ಟಿದ ಈ ಅಂಗಡಿಗೆ ಫ್ಲಾರಿಡಾದಲ್ಲಿ ಹೆಜ್ಜೆಗೊಂದು ಶಾಖೆ. ಒಳಗೆ ಡೆಲಿ ಎಂಬ ಕೌಂಟರಿನಲ್ಲಿ ಉದ್ದನೆಯ ಬ್ರೆಡ್ಡನ್ನು ಕಣ್ಣ ಮುಂದೆಯೇ ಸೀಳಿ, ನಾವು ಬೆರಳು ತೋರಿಸಿದ ತರಕಾರಿಯನ್ನೆಲ್ಲ ತುಂಬಿ ಕೊಡುತ್ತಾರೆ. ಊರಿನವರು ಇದನ್ನು ಪ್ರೀತಿಯಿಂದ ಪಬ್ ಸಬ್ ಎನ್ನುತ್ತಾರೆ. ಮಾಂಸ ಕತ್ತರಿಸುವ ಕೈಗವಸು ಬದಲಿಸಿ ಎಂದು ನಾನು ಸಂಕೋಚದಿಂದ ಕೇಳಿದಾಗ, ಆ ಹೆಂಗಸು ಕೈಗವಸು ಮಾತ್ರವಲ್ಲ, ಚಾಕುವನ್ನೂ ಬದಲಿಸಿದಳು. ಸೌತೆಕಾಯಿ, ಟೊಮೆಟೊ, ಈರುಳ್ಳಿ, ಹಸಿರು ದೊಣ್ಣೆಮೆಣಸಿನಕಾಯಿ, ಉಪ್ಪುನೀರಿನಲ್ಲಿ ನೆನೆದ ಬಾಳಕದಂಥ ಮೆಣಸಿನಕಾಯಿ, ಎಲ್ಲವೂ ತುಂಬಿ, ಮಡಚಿದರೆ ಮುಚ್ಚದಷ್ಟು. ಅಂಥ ಎರಡನ್ನು ನಾಲ್ಕು ಮಾಡಿಸಿಕೊಂಡು, ಜೊತೆಗೆ ಬಾಳೆಹಣ್ಣು, ಮೈಕ್ರೋವೇವಿನಲ್ಲಿ ಬಿಸಿ ಮಾಡುವ ಅನ್ನದ ಪೊಟ್ಟಣ, ಸಿಹಿಯಿಲ್ಲದ ಮೊಸರು ತಂದೆವು. ಒಟ್ಟು 30 ಡಾಲರಿನೊಳಗೆ ನಾಲ್ವರ ರಾತ್ರಿಯೂಟವೂ ನನ್ನ ಓಟದ ಬೆಳಗಿನ ತಿಂಡಿಯೂ ಮುಗಿದವು. ಅತ್ತೆಯವರು ಸೂಟ್‌ಕೇಸಿನ ತಳದಿಂದ ಮಾವಿನಮಿಡಿ ಉಪ್ಪಿನಕಾಯಿಯ ಡಬ್ಬಿ ತೆಗೆದಾಗ, ಅದರ ಮುಚ್ಚಳಕ್ಕೆ ಮೂರು ಸುತ್ತು ಪ್ಲಾಸ್ಟಿಕ್ ಟೇಪು ಸುತ್ತಿತ್ತು. ಬಿಡಿಸಲು ನಮ್ಮವರು ಹೋಟೆಲ್ಲಿನ ಕೀಲಿ ಕಾರ್ಡು ಬಳಸಿದರು, ಆಮೇಲೆ ಆ ಕಾರ್ಡು ಬಾಗಿಲು ತೆರೆಯಲಿಲ್ಲ. ಓಟದ ಹಿಂದಿನ ರಾತ್ರಿ ಮೊಸರನ್ನಕ್ಕಿಂತ ಹೊಟ್ಟೆಗೆ ಹಿತವಾದದ್ದು ಇನ್ನೊಂದಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಕೋಣೆಯಲ್ಲಿ ಮೈಕ್ರೋವೇವ್ ಇದೆಯೇ ಎಂದು ಕಾದಿರಿಸುವ ಮುನ್ನವೇ ಕೇಳಿ, ಎಲ್ಲ ಕಡೆ ಇರುವುದಿಲ್ಲ.

ಓಟದ ಬೆಳಗಿನ ಬಗ್ಗೆ ಯಾರೂ ಒತ್ತಿ ಹೇಳದ ಸಂಗತಿಯೆಂದರೆ ಕಾಯುವಿಕೆ. ಎಪ್ಕಾಟ್‌ನ ವಿಶಾಲವಾದ ವಾಹನ ನಿಲುಗಡೆಯ ಬಯಲಿನಲ್ಲಿ, ಕತ್ತಲಲ್ಲಿ, ಸಾವಿರಾರು ಜನ ಟಾರಿನ ಮೇಲೆ ಕುಳಿತಿರುತ್ತಾರೆ. ಜನವರಿಯ ಫ್ಲಾರಿಡಾ ಒಂದು ವರ್ಷ ಕೈ ಮರಗಟ್ಟಿಸುತ್ತದೆ, ಇನ್ನೊಂದು ವರ್ಷ ಬೆವರಿಳಿಸುತ್ತದೆ. 2017ರಲ್ಲಿ ಸಿಡಿಲಿನ ಭಯದಿಂದ ಅರ್ಧ ಮ್ಯಾರಥಾನನ್ನೇ ರದ್ದು ಮಾಡಿದ್ದರು. ನನ್ನ ಪಾಲಿಗೆ ಬಂದದ್ದು ಚಳಿ. ಹಳೆಯ ಸ್ವೆಟರ್ ಒಂದನ್ನು ಹಾಕಿಕೊಂಡು ಹೋಗಿ, ಹೊರಡುವಾಗ ಬಿಟ್ಟುಬಿಡುವುದು ಇಲ್ಲಿಯ ವಾಡಿಕೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕಸದ ದೊಡ್ಡ ಚೀಲಕ್ಕೆ ತಲೆ ತೂರುವಷ್ಟು ತೂತು ಮಾಡಿ ಅಂಗಿಯಂತೆ ತೊಟ್ಟಿದ್ದರು, ಅವರಷ್ಟು ಬೆಚ್ಚಗೆ ಯಾರೂ ಇರಲಿಲ್ಲ. ಕೂರಲು ಒಂದು ಹಳೆಯ ಟವೆಲು ಒಯ್ಯಿರಿ, ಟಾರು ನೀವು ಎಣಿಸಿದ್ದಕ್ಕಿಂತ ತಣ್ಣಗಿರುತ್ತದೆ.

ಓಟಗಾರರನ್ನು ಗುಂಪು ಗುಂಪಾಗಿ, ಒಂದೊಂದು ಗುಂಪಿಗೂ ಪಟಾಕಿ ಹಾರಿಸಿ ಬಿಡುತ್ತಾರೆ. ಮೈಲಿಗೆ 16 ನಿಮಿಷಕ್ಕಿಂತ, ಎಂದರೆ ಕಿಲೋಮೀಟರಿಗೆ ಸುಮಾರು ಹತ್ತು ನಿಮಿಷಕ್ಕಿಂತ ನಿಧಾನವಾದರೆ ಓಟದಿಂದ ತೆಗೆದು ಬಸ್ಸಿಗೆ ಹತ್ತಿಸುವ ನಿಯಮವಿದೆ. ಆ ವೇಗವನ್ನು ಹಿಡಿದುಕೊಂಡು ಎಲ್ಲರ ಹಿಂದೆ ಬಲೂನು ಕಟ್ಟಿಕೊಂಡ ಹೆಂಗಸರು ಬರುತ್ತಾರೆ, ಅವರಿಗೆ ಬಲೂನ್ ಲೇಡೀಸ್ ಎಂದೇ ಹೆಸರು. ಅವರು ಹೊರಡುವುದು ಕೊನೆಯ ಗುಂಪಿನ ಹಿಂದೆ. ಹಾಗಾಗಿ ಹಳೆಯ ಸಮಯದ ದಾಖಲೆ ಕೊಟ್ಟು ಮುಂದಿನ ಗುಂಪಿನಲ್ಲಿ ಜಾಗ ಪಡೆದವರಿಗೆ ಅಷ್ಟೂ ನಿಮಿಷ ಲಾಭ. ಈ ಲಾಭ ಬೇಕಾಗುವುದು ಫೋಟೊಗಳಿಗೆ. ದಾರಿಯುದ್ದಕ್ಕೂ ಡಿಸ್ನಿಯ ಪಾತ್ರಗಳು ನಿಂತಿರುತ್ತವೆ, ಪ್ರತಿಯೊಂದರ ಮುಂದೆಯೂ ಸಾಲು. ಐದು ನಿಮಿಷ ಸಾಲಿನಲ್ಲಿ ನಿಂತರೆ ಅರ್ಧ ಕಿಲೋಮೀಟರ್ ಕಳೆದುಕೊಂಡಂತೆ ಎಂದು ಲೆಕ್ಕವಿಟ್ಟುಕೊಂಡು, ಮೂರು ಕಡೆ ಮಾತ್ರ ನಿಲ್ಲುವೆನೆಂದು ಮೊದಲೇ ತೀರ್ಮಾನಿಸಿದ್ದೆ, ಐದು ಕಡೆ ನಿಂತೆ. ನಾಲ್ಕೂ ಪಾರ್ಕುಗಳ ಒಳಗೆ ಓಡುವ ಸಂತೋಷ ನಿಜವಾದದ್ದು. ಆದರೆ ಪಾರ್ಕಿನಿಂದ ಪಾರ್ಕಿಗೆ ಹೋಗುವ ದಾರಿ ಬರೀ ಹೆದ್ದಾರಿ, ಓಟದ ಬಹುಭಾಗ ಅದೇ. ಈ ಮಾತನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ನಾನು ಓಡುತ್ತಿದ್ದ ಹೊತ್ತಿನಲ್ಲಿ ಮನೆಯವರು ಆ 8 ಗಂಟೆಯ ಬಸ್ಸನ್ನು ಹತ್ತಿದ್ದರು. ಅದು ನಮ್ಮ ಹೋಟೆಲ್ಲೊಂದರ ಬಸ್ಸಲ್ಲ, ಆರು ಹೋಟೆಲ್ಲುಗಳದ್ದು. ಪ್ರತಿಯೊಂದರ ಬಾಗಿಲಿಗೂ ಹೋಗಿ, ಪ್ರತಿಯೊಂದು ಕಡೆಯೂ ತಳ್ಳುಗಾಡಿ ಮಡಚುವವರೆಗೆ ಕಾದು, ಕೊನೆಗೆ ಮುಖ್ಯರಸ್ತೆಗೆ ಬಂದಾಗ ಓಟಕ್ಕಾಗಿ ಮುಚ್ಚಿದ ತಿರುವಿನಲ್ಲಿ ಸಿಕ್ಕಿಬಿದ್ದಿತು. ಚಾಲಕನಿಗೆ ಅಂದು ಓಟವಿರುವುದೇ ಗೊತ್ತಿರಲಿಲ್ಲವಂತೆ. ಅತ್ತೆಯವರು ಫೋನಿನ ನಕ್ಷೆಯಲ್ಲಿ ನಾನಿರುವ ಜಾಗ ತೋರಿಸುವ ಚುಕ್ಕೆ ಮುಂದೆ ಹೋಗುವುದನ್ನೂ, ಕಿಟಕಿಯಲ್ಲಿ ಅದೇ ಹಸಿರು ಫಲಕ ನಿಂತಿರುವುದನ್ನೂ ಒಂದೇ ಸಮನೆ ನೋಡುತ್ತಿದ್ದರಂತೆ. ನಾನು ಪದಕ ಹಾಕಿಸಿಕೊಂಡು, ಬಾಳೆಹಣ್ಣು ತಿಂದು, ಬೇಲಿಯ ಪಕ್ಕ ಕಾಲು ಚಾಚಿ ಕುಳಿತು ಮುಕ್ಕಾಲು ಗಂಟೆಯಾದ ಮೇಲೆ ಮೂವರೂ ಬಂದರು. ಮುಕ್ತಾಯದ ಗೆರೆಯಲ್ಲಿ ಮಗ ಹಿಡಿಯಬೇಕೆಂದು ಬರೆದಿದ್ದ ಫಲಕವನ್ನು ಅವನು ನಾನು ಕುಳಿತಲ್ಲಿಯೇ ಹಿಡಿದ. ನೋಡಲು ಬರುವವರು ಬೆಳಗ್ಗೆಯೇ, ಓಟಗಾರರ ಜೊತೆಯಲ್ಲೇ ಹೊರಡಬೇಕು, ಅದಾಗದಿದ್ದರೆ ಕೋಣೆಯಲ್ಲಿ ನೆಮ್ಮದಿಯಾಗಿ ಮಲಗಿರಬೇಕು. ನಡುವಿನ ದಾರಿ ಇಲ್ಲ.

ಪಾರ್ಕಿನ ದಿನಗಳನ್ನು ಓಟದ ನಂತರಕ್ಕೆ ಇಟ್ಟುಕೊಳ್ಳಿ. ಜನವರಿಯ ಮೂರನೆಯ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ, ಆ ವಾರಾಂತ್ಯಕ್ಕೆ ಮತ್ತೆ ಜನ ನುಗ್ಗುತ್ತಾರೆ. ಮ್ಯಾರಥಾನ್ ಮುಗಿದು ಆ ರಜೆ ಬರುವ ಮುಂಚಿನ ಮಂಗಳವಾರದಿಂದ ಗುರುವಾರದವರೆಗೆ, ನನ್ನಂಥ ಗುಂಪು ಸಹಿಸದವಳಿಗೂ ಉಸಿರಾಡುವಷ್ಟು ಜಾಗವಿರುತ್ತದೆ. ನಾವು ಮಂಗಳವಾರ ಮ್ಯಾಜಿಕ್ ಕಿಂಗ್‌ಡಮ್ ಎಂಬ ಪಾರ್ಕನ್ನು ನೋಡಿದೆವು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಹಿಂದುಮುಂದಾಗಿ ಇಳಿಯುವವರು ಕಂಡರೆ ಅವರು ಭಾನುವಾರ ಓಡಿದವರೆಂದು ತಿಳಿಯಬೇಕು. ಅಂಥವರಿಗೆ ಅಲ್ಲಿಯ ಟುಮಾರೋಲ್ಯಾಂಡ್ ಎಂಬ ಭಾಗದಲ್ಲಿರುವ ಪೀಪಲ್‌ಮೂವರ್ ಎಂಬ ಪುಟ್ಟ ಬಂಡಿಗಳ ಸವಾರಿ ವರದಾನ: ಮೆಟ್ಟಿಲಿಲ್ಲ, ಚಲಿಸುವ ಇಳಿಜಾರು ಪಟ್ಟಿಯೇ ಮೇಲೆ ಒಯ್ಯುತ್ತದೆ, ನಿಧಾನವಾಗಿ ಎತ್ತರದಲ್ಲಿ ಸುತ್ತಿಸುತ್ತದೆ. ಪಕ್ಕದಲ್ಲೇ 1964ರ ನ್ಯೂಯಾರ್ಕ್ ವಿಶ್ವಮೇಳದ ಕಾಲದಿಂದ ಬಂದ ಕ್ಯಾರೊಸೆಲ್ ಆಫ್ ಪ್ರೊಗ್ರೆಸ್ ಇದೆ, ಅಲ್ಲಿ ಕುಳಿತ ರಂಗಮಂದಿರವೇ ತಿರುಗುತ್ತದೆ. ಪಾರ್ಕನ್ನು ಸುತ್ತುವ ರೈಲಂತೂ ಇದ್ದೇ ಇದೆ. ಮಗ ಅಪ್ಪನೊಂದಿಗೆ ಸ್ಪೇಸ್ ಮೌಂಟನ್ ಎಂಬ ರೋಲರ್ ಕೋಸ್ಟರಿಗೆ ಹೋದಾಗ, ನಾನೂ ಅತ್ತೆಯವರೂ ಪೀಪಲ್‌ಮೂವರ್‌ನಲ್ಲಿ ಮೂರು ಸುತ್ತು ಬಂದೆವು. ಇಡೀ ಪ್ರವಾಸದಲ್ಲಿ ಹೊತ್ತಿಗೆ ಸರಿಯಾಗಿ ಬಂದ ವಾಹನ ಇದೊಂದೇ ಎಂದು ಅವರು ಎರಡನೆಯ ಸುತ್ತಿನಲ್ಲಿ ಹೇಳಿದರು.

ಬುಧವಾರ ಕೋಣೆ ಬಿಡುವಾಗ ನಮ್ಮವರು ರಿಸಾರ್ಟ್ ಶುಲ್ಕದ ಸಾಲನ್ನು ತೋರಿಸಿ, ಶಟಲ್ ಬಸ್ಸಿನ ವೇಳಾಪಟ್ಟಿ ಕಾದಿರಿಸುವಾಗ ಎಲ್ಲಿ ಕಾಣಿಸುತ್ತಿತ್ತು ಎಂದು ಶಾಂತವಾಗಿ ಕೇಳಿದರು. ವ್ಯವಸ್ಥಾಪಕಿ ಬಂದು ಪರದೆ ನೋಡಿ, ಎಲ್ಲಿಯೂ ಇಲ್ಲವೆಂದು ಒಪ್ಪಿಕೊಂಡು, ಎರಡು ದಿನದ ಶುಲ್ಕವಾದ 64 ಡಾಲರನ್ನು ಬಿಲ್ಲಿನಿಂದ ಕಳೆದಳು. ಕೇಳಿದರೆ ಕಳೆಯುತ್ತಾರೆ. ಆದರೆ ನೀವು ಅದಕ್ಕೂ ಮೊದಲೇ, ಹಣ ಕಟ್ಟುವ ಮುನ್ನ, "ಭಾನುವಾರ ನಸುಕಿನ ಎರಡೂವರೆಗೆ ನಿಮ್ಮ ಬಸ್ಸು ಎಪ್ಕಾಟ್‌ಗೆ ಹೋಗುತ್ತದೆಯೇ" ಎಂದು ಹೋಟೆಲ್ಲಿಗೆ ಇಮೇಲ್ ಬರೆದು, ಉತ್ತರ ಬಂದ ಮೇಲೆ ಕಾದಿರಿಸಿ.