ಎರಡನೇ ಬೆಂಕಿಯ ಬಣ್ಣ: ಕಾಶಾನಿನ ಮೀನಾಯಿ ಪಾತ್ರೆಗಳು

ಮೀನಾಕಾರಿ ಒಡವೆಯ ‘ಮೀನಾ’ (ಎನಾಮೆಲ್, ಗಾಜಿನಂಥ ಬಣ್ಣ) ಇದೆಯಲ್ಲ, ಅದೇ ಮೀನಾಯಿಯಲ್ಲೂ ಇರುವುದು. ಆದರೆ ಈ ಹೆಸರು ಆಮೇಲೆ ಬಂದದ್ದು. ಹಳೆಯ ಹೆಸರು ‘ಹಫ್ತ್ ರಂಗ್’, ಏಳು ಬಣ್ಣ. ಇರಾನಿನ ಕಾಶಾನಿನಲ್ಲಿ 12ನೇ ಶತಮಾನದ ಕೊನೆಗೆ ಶುರುವಾದ ಕೆಲಸ. ಕುಂಬಾರ ಅಬು ಜೈದ್ ಸಹಿ ಹಾಕಿದ ಬಟ್ಟಲುಗಳಲ್ಲಿ ಹಿಜರಿ 582, ಅಂದರೆ 1186-87ರ ತಾರೀಖಿದೆ.

ಪಾತ್ರೆಯ ಮೈ ಬರೀ ಜೇಡಿಮಣ್ಣಿನದಲ್ಲ. ಕುಂಬಾರ ಮನೆತನದವನೇ ಆದ ಅಬುಲ್ ಕಾಸಿಂ 1301ರಲ್ಲಿ ಬರೆದಿಟ್ಟ ಅಳತೆ ಹೀಗೆ: 10 ಪಾಲು ಬೆಣಚುಕಲ್ಲಿನ ಪುಡಿ, 1 ಪಾಲು ಗಾಜಿನ ಪುಡಿ, 1 ಪಾಲು ಬಿಳಿ ಜೇಡಿ. ಜೇಡಿ ಇಷ್ಟು ಕಡಿಮೆಯಾದರೆ ಹದಕ್ಕೆ ಜಿಗುಟಿರದು, ತಿಗರಿಯ ಮೇಲೆ ಎಳೆದಂತೆ ಏಳದೆ ಹರಿಯುತ್ತದೆ. ಅಚ್ಚು ಬಳಸಿದ್ದು ಸುಮ್ಮನಲ್ಲ.

ಕುಶಲತೆ ಇರುವುದು ಬೆಂಕಿಯನ್ನು ಎರಡಾಗಿ ಹಂಚಿದ್ದರಲ್ಲಿ. ಕೋಬಾಲ್ಟಿನ ನೀಲಿ, ತಾಮ್ರದ ಹಸುರುನೀಲಿ ಬಣ್ಣ ಹೆಚ್ಚು ಕಾವನ್ನು ತಡೆಯುತ್ತವೆ. ಅವು ತವರ ಬೆರೆಸಿದ ಬಿಳಿ ಮೆರುಗಿನ (ಮೈಮೇಲಿನ ಗಾಜಿನ ಲೇಪದ) ಜೊತೆಗೇ ಮೊದಲ ಸುಡುವಿಕೆಯಲ್ಲಿ ಕೂರುತ್ತವೆ. ಕಬ್ಬಿಣದ ಕೆಂಪು ಹಾಗಲ್ಲ. ಆ ಕಾವಿಗೆ ಮೆರುಗಿನೊಳಗೆ ಕರಗಿ ಬಣ್ಣಗೆಡುತ್ತದೆ. ಹಾಗಾಗಿ ಕೆಂಪು, ಕಪ್ಪು, ಬಿಳಿ, ಚಿನ್ನ ಇವೆಲ್ಲ ಸುಟ್ಟು ಆರಿದ ಮೆರುಗಿನ ಮೇಲೆ, ಬೇರೆ ಗೂಡಿನಲ್ಲಿ, ಮೆತ್ತನೆಯ ಉರಿಗೆ. ಉರಿ ಹೆಚ್ಚಾದರೆ ಚಿತ್ರದ ಕುದುರೆಯ ಕಾಲು, ರಾಜನ ಹುಬ್ಬು ಎಲ್ಲ ಹರಡಿಹೋಗುತ್ತವೆ. ಕಡಿಮೆಯಾದರೆ ಬಣ್ಣ ಕಚ್ಚದೆ ವರ್ಷ ಕಳೆದಂತೆ ಉದುರುತ್ತದೆ.

ಭೂತಗನ್ನಡಿ ಹಿಡಿದರೆ ಇದೆಲ್ಲ ಕಾಣುತ್ತದೆ. ನೀಲಿಯ ಅಂಚು ಮಸುಕು, ಒಳಗೆ ಇಳಿದಂತೆ. ಕೆಂಪಿನ ಅಂಚು ಚೂಪು, ಬೆರಳಿಗೆ ತುಸು ಉಬ್ಬು. ಹಾಗೆಂದು ಪೂರ್ತಿ ನಂಬಬೇಡಿ. ಬೇರೆ ಬೇರೆ ಪಾತ್ರೆಗಳ ಚೂರು ಸೇರಿಸಿ, ಸಂದಿಗೆ ಸುಣ್ಣ ತುಂಬಿ, ಮೇಲೆ ಹೊಸ ರಾಜಕುಮಾರನನ್ನು ಬರೆದು ಮಾರಿದ್ದು ಬಹಳ. ಮುಖಗಳು ತೀರಾ ಚೊಕ್ಕಟವಾಗಿದ್ದರೆ ನನಗೆ ಮೊದಲು ಅನುಮಾನ. ಅತಿನೇರಳೆ ಬೆಳಕಿನಲ್ಲಿ ತೇಪೆಯ ರಾಳ ಬೇರೆಯಾಗಿ ಹೊಳೆಯುತ್ತದೆ. ಅಸಿಟೋನಿಗೆ ಸುಟ್ಟ ಬಣ್ಣ ಜಗ್ಗುವುದಿಲ್ಲ, ತೇಪೆಯ ಬಣ್ಣ ಸಾಮಾನ್ಯವಾಗಿ ಬಿಡುತ್ತದೆ. ಆದರೆ ಆ ಪರೀಕ್ಷೆ ಸಂರಕ್ಷಕರಿಗೇ ಇರಲಿ.

ಮಂಗೋಲರ ದಾಳಿಯ ನಂತರ ಮೀನಾಯಿ ನಿಂತು, ಅದರ ಜಾಗಕ್ಕೆ ಲಾಜವರ್ದೀನಾ ಬಂತು: ಹೆಚ್ಚಾಗಿ ಇಡೀ ಮೈ ಕಡುನೀಲಿ, ಮೇಲೆ ಕೆಂಪು, ಬಿಳಿ, ಚಿನ್ನ. ಇರಾನಿನಲ್ಲಿ ಮಂಗೋಲ ಅರಸರು ಕಟ್ಟಿಸಿದ ತಖ್ತ್-ಎ-ಸುಲೇಮಾನ್ ಅರಮನೆಯ ಹೆಂಚುಗಳಲ್ಲಿ ಡ್ರ್ಯಾಗನ್ನುಗಳು ಹೀಗೇ ಹೊಳೆಯುತ್ತವೆ. ಚಿನ್ನದ ಲೆಕ್ಕವನ್ನೂ ಅಬುಲ್ ಕಾಸಿಂ ಬಿಟ್ಟಿಲ್ಲ. ಒಂದು ಮಿಸ್ಕಾಲ್, ಎಂದರೆ ನಾಲ್ಕು ಗ್ರಾಮಿಗೆ ತುಸು ಹೆಚ್ಚು ಚಿನ್ನವನ್ನು 24 ಹಾಳೆಯಾಗಿ ಬಡಿದು, ಕತ್ತರಿಯಲ್ಲಿ ಕತ್ತರಿಸಿ, ಅಂಟು ಹಚ್ಚಿ ಕೂರಿಸಿ, ಹತ್ತಿಯಿಂದ ಒತ್ತುವುದು. ಚಿನ್ನದ ಚೂರುಗಳು ಚೌಕ, ವಜ್ರಾಕೃತಿಯಲ್ಲಿ ನೇರ ಅಂಚಿನಿಂದ ಕಾಣುವುದು ಈ ಕತ್ತರಿಯಿಂದಲೇ. ಎಷ್ಟೋ ಕಡೆ ಚಿನ್ನ ಸವೆದುಹೋಗಿ ಸುತ್ತಲಿನ ಕೆಂಪು ಗೆರೆಯಷ್ಟೇ ಉಳಿದಿದೆ.