ಹಳೇ ಕುರ್ಚಿ ಕೊಳ್ಳುವ ಮುಂಚೆ ಅದನ್ನು ತಲೆಕೆಳಗು ಮಾಡಿ

ನಮ್ಮ ಮನೆಗೆ ಮೊದಲ ಸಲ ಬಂದವರು ಹಾಲ್‌ನಲ್ಲಿರುವ ಶಾನುಭೋಗರ ಡೆಸ್ಕನ್ನೂ ಕಿಟಕಿ ಪಕ್ಕದ ಉದ್ದ ಕೈಯ ಆರಾಮ ಕುರ್ಚಿಯನ್ನೂ ನೋಡಿ ಒಂದೇ ಪ್ರಶ್ನೆ ಕೇಳುತ್ತಾರೆ. "ಇದು ನಿಜವಾಗ್ಲೂ ಹಳೇದಾ? ನಿಮಗೆ ಹೇಗೆ ಗೊತ್ತಾಯ್ತು?" ಅದರ ಬೆನ್ನಿಗೇ ಇನ್ನೊಂದು: "ನಮಗೂ ಒಂದು ಬೇಕಿತ್ತು, ಎಲ್ಲಿ ಸಿಗುತ್ತೆ?" ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನಾನು ಟೋಪಿ ಹಾಕಿಸಿಕೊಂಡ ಕಥೆ. ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಪುಟ್ಟ ಟೇಬಲ್ ಕೊಂಡೆ. ಬೀಟೆ ಮರದ್ದು, ನೂರು ವರ್ಷದ್ದು, ಅರಮನೆಯಿಂದ ಬಂದದ್ದು ಅಂದರು. ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಚೌಕಾಸಿ ಮಾಡಿ ಗೆದ್ದೆ ಅಂದುಕೊಂಡು ತಂದೆ. ಒಂದು ತಿಂಗಳಾದ ಮೇಲೆ ಮಗನ ಚೆಂಡು ಅದರ ಅಡಿಗೆ ಉರುಳಿತು. ತೆಗೆಯಲು ನೆಲದ ಮೇಲೆ ಮಲಗಿ ಮೇಲೆ ನೋಡಿದೆ. ಅಡಿಯಲ್ಲಿದ್ದ ಸ್ಕ್ರೂಗಳೆಲ್ಲ ಸ್ಟಾರ್ ಸ್ಕ್ರೂ! ಹಳೇ ಸ್ಕ್ರೂಗೆ ತಲೆಯ ಮೇಲೆ ಒಂದೇ ಒಂದು ಗೀರು ಇರುತ್ತದೆ. ಈ ಕೂಡಿಸುವ ಗುರುತಿನ ಸ್ಕ್ರೂ ಅಮೆರಿಕದಲ್ಲಿ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಒಂದೆರಡು ಮಾತ್ರ ಹಾಗಿದ್ದರೆ ಯಾವಾಗಲೋ ರಿಪೇರಿ ಆಗಿದೆ ಅನ್ನಬಹುದಿತ್ತು. ಒಂದು ಮೂಲೆಯನ್ನು ಒದ್ದೆ ಬಟ್ಟೆಯಿಂದ ಉಜ್ಜಿದೆ, ಬಟ್ಟೆ ಕಂದಾಯಿತು. ಒಳಗಿದ್ದದ್ದು ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುತ್ತಾರಲ್ಲ, ಆ ಸಿಲ್ವರ್ ಓಕ್. ನಿಜ ಹೇಳಬೇಕೆಂದರೆ ಎತ್ತಿದ ದಿನವೇ ಅನುಮಾನ ಬರಬೇಕಿತ್ತು. ಬೀಟೆ ಅಂದರೆ ಕಲ್ಲಿನಂಥ ಭಾರ. ಇದನ್ನು ನಾನೊಬ್ಬಳೇ ಆಟೋದಿಂದ ಇಳಿಸಿ ಒಳಗೆ ತಂದಿದ್ದೆ.

ಅರಮನೆಯ ಮಾತಿಗೆ ಬಂದರೆ, ಈ ವ್ಯಾಪಾರದಲ್ಲಿ ಎಲ್ಲವೂ ಅರಮನೆಯಿಂದಲೇ ಬರುತ್ತದೆ. ಅಂಗಡಿಯವರು ಹೇಳುವ ಅರಮನೆ ಕುರ್ಚಿಗಳನ್ನೆಲ್ಲ ವಾಪಸ್ ಕಳಿಸಿದರೆ ಮೈಸೂರು ಅರಮನೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಬ್ಬರು ನನಗೆ ಇನ್ನೂರು ವರ್ಷದ ಅರಮನೆ ಮಂಚ ತೋರಿಸಿದ್ದರು. ಹಳೇ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲೇ ಸುಟ್ಟುಹೋಯಿತು, ಈಗ ನಾವು ನೋಡುವುದು 1912ರಲ್ಲಿ ಮುಗಿದದ್ದು. ಆ ಬೆಂಕಿಯಿಂದ ಮಂಚ ಹೇಗೆ ತಪ್ಪಿಸಿಕೊಂಡಿತು ಅಂತ ಕೇಳಿದೆ. ಅವರು ನಕ್ಕು ಟೀ ತರಿಸಿದರು. ಕಥೆಗೆ ದುಡ್ಡು ಕೊಡಬೇಡಿ, ಮರಕ್ಕೆ ಕೊಡಿ.

ಮರ ಏನು ಹೇಳುತ್ತದೆ ಅಂತ ತಿಳಿಯಬೇಕಾದರೆ ತಲೆಕೆಳಗು ಮಾಡಬೇಕು. ನಾಚಿಕೆ ಬೇಡ. ಡ್ರಾಯರ್ ಪೂರ್ತಿ ಎಳೆದು ತೆಗೆಯಿರಿ, ಬೀರುವಿನ ಬೆನ್ನಿಗೆ ಟಾರ್ಚ್ ಹಿಡಿಯಿರಿ. ಹಳೇ ಬಡಗಿಗಳು ಕಣ್ಣಿಗೆ ಬೀಳುವ ಕಡೆ ಜೀವ ತೇಯ್ದಿದ್ದಾರೆ, ಕಾಣದ ಕಡೆ ಸುಮ್ನೆ ಬಿಟ್ಟಿದ್ದಾರೆ. ಅಲ್ಲಿ ಕೈಯಾಡಿಸಿದರೆ ಹತ್ತರಿ ಹೊಡೆದ ಸಣ್ಣ ಏರಿಳಿತ ಬೆರಳಿಗೆ ಸಿಗುತ್ತದೆ. ಕೈಗರಗಸದ ಗೀರುಗಳು ನೇರ, ಆದರೆ ಒಂದರಂತೆ ಒಂದಿರುವುದಿಲ್ಲ. ಮಿಲ್ಲಿನ ದುಂಡು ಗರಗಸ ಬಿಲ್ಲಿನಂತೆ ಬಾಗಿದ ಗೀರು ಬಿಡುತ್ತದೆ. ಕೂಡಿಸಿದ ಜಾಗಗಳಲ್ಲಿ ಬೆಣೆ, ಮರದ ಮೊಳೆ ಇದೆಯೇ ನೋಡಿ. ಬೆನ್ನಿಗೆ ಪ್ಲೈವುಡ್ ಬಡಿದಿದ್ದರೆ ಯಾಕೆ ಅಂತ ಕೇಳಿ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಹಳೇ ದುಂಡು ಮೇಜಿಗೆ ಟೇಪು ಹಿಡಿದು ಎರಡು ಕಡೆಯಿಂದ ಅಳೆಯಿರಿ. ಮರ ವರ್ಷಗಟ್ಟಲೆ ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ. ಹಾಗಾಗಿ ನಿಜವಾದ ಹಳೇ ದುಂಡು ಮೇಜು ಈಗ ಪೂರ್ತಿ ದುಂಡಗಿರುವುದಿಲ್ಲ.

ಸವೆತವನ್ನೂ ನೋಡಿ. ಕೈ ಇಡುವ ಜಾಗ, ಕಾಲು ಊರುವ ಅಡ್ಡಪಟ್ಟಿ, ಡ್ರಾಯರ್ ಜಾರುವ ಅಂಚು, ಇವು ಸವೆಯಬೇಕು. ಯಾರ ಕೈಯೂ ತಾಗದ ಹಿಂಗಾಲೂ ಅಷ್ಟೇ ಸವೆದಿದ್ದರೆ ಉಪ್ಪುಕಾಗದ ಹಿಡಿದು ಒಂದು ಮಧ್ಯಾಹ್ನ ಯಾರೋ ಕೂತಿದ್ದರು ಅಂತ ಅರ್ಥ. ಸಣ್ಣ ತೂತುಗಳು ಕಂಡರೆ ಹೆದರಬೇಡಿ, ಕುಟ್ಟೆ ಹುಳ ಯಾವತ್ತೋ ಬಂದು ಹೋಗಿರಬಹುದು. ಆದರೆ ತೂತಿನ ಕೆಳಗೆ ಹೊಸ ಪುಡಿ ಉದುರಿದ್ದರೆ ಹುಳ ಇನ್ನೂ ಒಳಗೇ ಇದೆ. ನಿಮ್ಮ ಮನೆಯ ಬಾಗಿಲಿನ ಚೌಕಟ್ಟೂ ಅದಕ್ಕೆ ಊಟವೇ.

ಪಾಲಿಶ್ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿ ಹಟಮಾರಿ. ಹಳೇ ಸಾಮಾನುಗಳಿಗೆ ಬಳಿಯುತ್ತಿದ್ದದ್ದು ಅರಗು. ಅರಗಿನ ಹುಳ ಮರದ ಕೊಂಬೆಯ ಮೇಲೆ ಕಟ್ಟುವ ಅಂಟನ್ನು ಶುದ್ಧ ಮಾಡಿ, ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಪದರದ ಮೇಲೆ ಪದರ ಉಜ್ಜುತ್ತಾರೆ. ಇದೇ ಫ್ರೆಂಚ್ ಪಾಲಿಶ್. ಕಾಣದ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ. ಅಂಟಂಟಾದರೆ ಅರಗು, ಏನೂ ಆಗದಿದ್ದರೆ ಈಚಿನ ಪಿಯು (ಪಾಲಿಯುರೆಥೇನ್) ಅಥವಾ ಮೆಲಮೈನ್ ಅನ್ನುವ ಕೆಮಿಕಲ್ ಪಾಲಿಶ್. ಅರಗಿನ ಮೇಲೆ ಬಿಸಿ ಲೋಟ ಇಟ್ಟರೆ ಬಿಳಿ ಬಳೆ ಮೂಡುತ್ತದೆ, ನಮ್ಮ ಮನೆಯಲ್ಲಿ ನಾಲ್ಕಿವೆ, ಒಂದು ನನ್ನದೇ. ಆದರೂ ಅದರ ಬಣ್ಣ ಮರದ ಒಳಗಿನಿಂದ ಬಂದಂತೆ ಕಾಣುತ್ತದೆ. ಪಿಯು ಬಳಿದ ಮೇಜು ನನ್ನ ಕಣ್ಣಿಗೆ ಪ್ಲಾಸ್ಟಿಕ್ ಸುತ್ತಿದ ಮಿಠಾಯಿ. ಹಳೇ ಸಾಮಾನು ತಂದ ಕೂಡಲೇ ಮಷೀನ್ ಹಿಡಿದು ಉಜ್ಜಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನೀವು ದುಡ್ಡು ಕೊಟ್ಟದ್ದೇ ಆ ಮೇಲಿನ ಕೂದಲೆಳೆ ದಪ್ಪದ ಪದರಕ್ಕೆ, ಅಲ್ವಾ?

ಕಾನೂನಿನ ಎರಡು ಮಾತು. ನಮ್ಮ ದೇಶದಲ್ಲಿ 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಕರಕುಶಲ ವಸ್ತು ಪುರಾತನ ವಸ್ತು ಆಗಬಹುದು, ಅಂಥದ್ದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಅಜ್ಜಿಯ ಪೆಟ್ಟಿಗೆ ಕಳಿಸಬೇಕು ಅನ್ನುವವರು ಮೊದಲು ಪುರಾತತ್ವ ಇಲಾಖೆಯನ್ನು ಕೇಳಬೇಕು. ಇನ್ನು, ಮೈಸೂರಿನ ಹಳೇ ಬೀಟೆ ಕೆತ್ತನೆ ಸಾಮಾನುಗಳಲ್ಲಿ ಬಿಳಿಯ ಕುಸುರಿಗೆ ಆನೆಯ ದಂತ ಕೂರಿಸುತ್ತಿದ್ದರು. ದಂತದ ವ್ಯಾಪಾರ ಈಗ ಅಪರಾಧ. ಭಾರತದ ಆನೆಯ ದಂತಕ್ಕೆ 1986ರಲ್ಲಿ, ಆಫ್ರಿಕಾದ್ದಕ್ಕೆ 1991ರಲ್ಲಿ ತಡೆ ಬಿತ್ತು. ಎಷ್ಟೇ ಚೆಂದವಿದ್ದರೂ ಅಂಥದ್ದಕ್ಕೆ ಬೆಲೆ ಕೇಳಲೂ ಹೋಗಬೇಡಿ.

ಎಲ್ಲಿ ಸಿಗುತ್ತೆ? ಬೆಂಗಳೂರಿನಲ್ಲಾದರೆ ಶಿವಾಜಿನಗರದ ಗಲ್ಲಿಗಳು, ಭಾನುವಾರ ಬೆಳಿಗ್ಗೆ ಬೇಗ ಹೋದರೆ ಸಂಡೆ ಬಜಾರ್. ದೂರ ಹೋಗುವ ಉಮೇದು ಇದ್ದರೆ ತಮಿಳುನಾಡಿನ ಕಾರೈಕುಡಿಯ ಮುನೀಶ್ವರನ್ ಕೋಯಿಲ್ ಬೀದಿ. ಅಲ್ಲಿನ ಚೆಟ್ಟಿಯಾರ್ ವ್ಯಾಪಾರಿಗಳ ದೊಡ್ಡ ದೊಡ್ಡ ಮನೆಗಳಿಂದ ಹೊರಬಿದ್ದ ಬರ್ಮಾ ತೇಗದ ಸಾಮಾನು ಅಲ್ಲಿ ರಾಶಿ ಬಿದ್ದಿರುತ್ತದೆ. ಕೊಚ್ಚಿಯ ಮಟ್ಟಾಂಚೇರಿಯಲ್ಲೂ ಇದೆ, ಆದರೆ ಅಲ್ಲಿ ಬೆಲೆ ಪ್ರವಾಸಿಗರ ಮುಖ ನೋಡಿ ಹೇಳುತ್ತಾರೆ. ಇದಕ್ಕೆಲ್ಲ ಮುಂಚೆ ಊರಿಗೆ ಹೋಗಿ ಅಟ್ಟ ಹತ್ತಿ. ಕಬ್ಬಿಣದ ಬೀರು ಬಂದ ದಿನ ಎಷ್ಟೋ ಮನೆಗಳಲ್ಲಿ ಮರದ ಪೆಟ್ಟಿಗೆ ಅಟ್ಟ ಸೇರಿದೆ. ಅದರ ಮೇಲೆ ಈಗ ತೆಂಗಿನಕಾಯಿ ಇಟ್ಟಿರುತ್ತಾರೆ.

ಒಂದು ಮಾತ್ರ ನಾನು ಕೊಳ್ಳುವುದಿಲ್ಲ, ಹಳೇ ಮನೆಯ ಬಾಗಿಲು. ತೊಟ್ಟಿ ಮನೆ ಕೆಡವಿ, ಹೆಬ್ಬಾಗಿಲನ್ನು ಮಲಗಿಸಿ, ಮೇಲೆ ಗಾಜು ಹಾಸಿ ಟೀಪಾಯಿ ಮಾಡುವುದು ಈಗ ಫ್ಯಾಷನ್. ಹೊಸ್ತಿಲ ಪೂಜೆಯ ಅರಿಸಿನ ಕುಂಕುಮದ ಕಲೆ ಇನ್ನೂ ಇರುತ್ತದೆ. ಅದರ ಮೇಲೆ ಬಿಸ್ಕೆಟ್ ತಟ್ಟೆ ಇಡಲು ನನಗೆ ಮನಸ್ಸು ಬರಲಿಲ್ಲ. ಕೊಳ್ಳುವವರನ್ನು ಬೈಯುತ್ತಿಲ್ಲ, ಅವರೂ ಕೊಳ್ಳದಿದ್ದರೆ ಅದು ಒಲೆಗೆ ಹೋಗುತ್ತದೆ ಅನ್ನುವುದೂ ಗೊತ್ತು.

ಫ್ಲಾಟಿಗೆ ಒಂದೋ ಎರಡೋ ಸಾಕು. ಲಿಫ್ಟ್ ಅಳೆದುಕೊಳ್ಳಿ. ಹಳೇ ಮಂಚಕ್ಕೆ ಈಗಿನ ಹಾಸಿಗೆ ಕೂರುವುದಿಲ್ಲ, ಹೊಲಿಸಬೇಕಾಗುತ್ತದೆ. ನನ್ನ ಆರಾಮ ಕುರ್ಚಿಯ ಬೆತ್ತ ತಂದಾಗಲೇ ಹರಿದಿತ್ತು, ಹೆಣೆಸಿದೆ. ಚಿಕ್ಕಮಗಳೂರು, ಕೊಡಗಿನ ತೋಟದ ಬಂಗಲೆಗಳ ಜಗಲಿಯಲ್ಲಿ ಬ್ರಿಟಿಷ್ ದೊರೆಗಳು ಬೂಟುಗಾಲು ಚಾಚುತ್ತಿದ್ದ ಮಾದರಿ ಅದು. ಈಗ ಅದರ ಉದ್ದ ಕೈಯ ಮೇಲೆ ನಮ್ಮತ್ತೆ ಹುರುಳಿಕಾಯಿ ಬಿಡಿಸುತ್ತಾರೆ.

ಇನ್ನು ಆ ಡೆಸ್ಕು. ಅದರ ಒಳಗೆ, ಡ್ರಾಯರ್‌ನ ಅಡಿ ಹಲಗೆಯ ಮೇಲೆ, ಪೆನ್ಸಿಲ್‌ನಲ್ಲಿ ಒಂದು ಕೂಡುವ ಲೆಕ್ಕ ಇದೆ. 3 ರೂಪಾಯಿ 10 ಆಣೆ, 1 ರೂಪಾಯಿ 9 ಆಣೆ, ಕೆಳಗೆ ಗೆರೆ ಎಳೆದು 5 ರೂಪಾಯಿ 2 ಆಣೆ. ರೂಪಾಯಿಗೆ ಹದಿನಾರು ಆಣೆಯ ಲೆಕ್ಕ ಹೋಗಿ ನಯಾ ಪೈಸೆ ಬಂದದ್ದು 1957ರಲ್ಲಿ. ಹಾಗಾಗಿ ಡೆಸ್ಕಿಗೆ ಹತ್ತಿರ ಹತ್ತಿರ ಎಪ್ಪತ್ತು ವರ್ಷವಾದರೂ ಆಗಿದೆ ಅಂತ ನನ್ನ ಲೆಕ್ಕ. ನೂರು ಅಂತ ನಾನು ಯಾರಿಗೂ ಹೇಳುವುದಿಲ್ಲ. ಪಾಲಿಶ್ ಮಾಡಲು ಬಂದ ಹಿರಿಯರು ಅದನ್ನು ಉಜ್ಜಿ ತೆಗೆಯಲಾ ಅಂತ ಕೇಳಿದರು. ಬೇಡವೇ ಬೇಡ, ಇರೋದೇ ಅದಕ್ಕೆ ಅಂದೆ. ಅವರು ಡ್ರಾಯರನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತಾ ಬೆರಳು ಎಣಿಸಿದರು.

"ಒಂದಾಣೆ ಕಮ್ಮಿ ಬರೆದಿದ್ದಾರಲ್ಲಮ್ಮ."